ಬೆಣಚಗುಡ್ಡದ ಹಸಿರು ಬೆಳಕು

ಬೆಣಚಗುಡ್ಡದಲ್ಲಿ ಕತ್ತಲೆ ಇಲ್ಲವೆಂಬುದು ಈಗ ಸರಕಾರಿ ಸತ್ಯ. ಹೊತ್ತು ಮುಳುಗಿದ ಮೇಲೆ ಅಲ್ಲಿ ಏನೂ ಕಾಣುವುದಿಲ್ಲವೆಂಬುದೂ ನಿಜವೇ. ಆದರೆ ಅದನ್ನು ಊರಿನವರ ಖಾಸಗಿ ಅಭಿಪ್ರಾಯವೆಂದು ಪರಿಗಣಿಸಲಾಗಿದೆ.

ಇದಕ್ಕೆಲ್ಲ ಮೂಲ ಮುದಕಮ್ಮ. ಇರಕಲ್ಲಗಡದಿಂದ ಒಳಗೆ, ಗುಡ್ಡದ ಮಗ್ಗುಲಿಗಿರುವ ಈ ಊರಿನ ಪಂಚಾಯಿತಿ ಸದಸ್ಯೆ. ಕೆಳಗಿನ ಓಣಿಗೆ ದೀಪದ ಕಂಬ ಹಾಕಿಸುತ್ತೇನೆಂಬ ಒಂದೇ ಮಾತಿನ ಮೇಲೆ ಆರಿಸಿ ಬಂದವಳು. ಬಂದ ವಾರದಲ್ಲೇ ಆ ಓಣಿಯ ಹಸನಬೀ ಗಟಾರಕ್ಕೆ ಬಿದ್ದು ಕೈ ಮುರಿದುಕೊಂಡಳು. ಕಟ್ಟು ಹಾಕಿದ ಕೈ ತೋರಿಸಿ, "ಏನವ್ವಾ ಮೆಂಬರವ್ವಾ, ಇನ್ನೊಂದು ಕೈ ಉಳದೈತಿ. ಅದು ಮುರಿಯೂದ್ರಾಗರ ಕಂಬ ಬರ್ತೈತೇನು?" ಎಂದು ಕೇಳಿದಳು. ಆ ಮಾತು ಮುದಕಮ್ಮನಿಗೆ ರೊಟ್ಟಿ ರುಚಿಸದಂತೆ ಮಾಡಿತು.

ಅವಳು ಕೊಪ್ಪಳದ ಕತ್ತಲೆ ನಿವಾರಣಾ ಕಚೇರಿಗೆ ಹೋದಳು. ಜಿಲ್ಲೆ ರಾಯಚೂರಿನಿಂದ ಬೇರೆಯಾದಾಗ ಕುರ್ಚಿ, ಕಪಾಟುಗಳ ಜೊತೆ ಕತ್ತಲೆಯೂ ಪಾಲಾಗಿ ಬಂದು, ಅದನ್ನು ನೋಡಿಕೊಳ್ಳಲೆಂದು ಹುಟ್ಟಿದ ಕಚೇರಿ ಅದು. ಅಧಿಕಾರಿ ಗೋವಿಂದರಾಜ ಸಮಾಧಾನದ ಮನುಷ್ಯ.

"ಬಾಯಿಮಾತಿಲೆ ನಡಿಯೂದಿಲ್ಲವ್ವಾ. ಕತ್ತಲಿ ಐತಿ ಅನ್ನೂದನ್ನ ನಾವು ಖುದ್ದು ಬಂದು ನೋಡ್ಬೇಕು."

"ಬರ್ರಿ ಸಾಹೇಬ್ರ, ಇವತ್ತ ಸಂಜಿಮುಂದ ಬರ್ರಿ."

"ಸಂಜಿಮುಂದ ಹೆಂಗ ಬರೂದು? ನಿಮ್ಮೂರಾಗ ದೀಪಿಲ್ಲ, ನಮ್ಮ ಜೀಪಿಗೆ ದಾರಿ ಕಾಣೂದಿಲ್ಲ."

ಹೀಗಾಗಿ ಎರಡು ಸಲ ಮಟಮಟ ಮಧ್ಯಾಹ್ನ ಸ್ಥಳಪರಿಶೀಲನೆ ನಡೆಯಿತು. ಓಣಿಯನ್ನೆಲ್ಲ ಹುಡುಕಿದರೂ ಕತ್ತಲೆ ಸಿಗಲಿಲ್ಲ.

ಅದೇ ವರ್ಷ ಗಂಗಾವತಿ ಕಡೆ ಹೊಳೆ ಉಕ್ಕಿತು. ಸಿಕ್ಕಿಬಿದ್ದವರನ್ನು ಎತ್ತಲು ಬಂದ ಸೇನೆಯ ಹೆಲಿಕಾಪ್ಟರಿನಲ್ಲಿ ಏನೋ ಕೆಟ್ಟು, ಅದು ಒಂದು ರಾತ್ರಿ ಬೆಣಚಗುಡ್ಡದ ಶಾಲೆ ಬಯಲಿಗೆ ಇಳಿಯಿತು. ಅದರ ಪೈಲಟ್ ನದೀಮ ಕುಷ್ಟಗಿಯವನೇ. ಮುದಕಮ್ಮ ರೊಟ್ಟಿ, ಪುಂಡಿಪಲ್ಯೆ ಕೊಟ್ಟಳು. ಸುದ್ದಿ ಮುಟ್ಟಿದ್ದೇ ಗೋವಿಂದರಾಜ ಸನ್ಮಾನಕ್ಕೆಂದು ಶಾಲು, ಪೇಟ ಹಿಡಿದು ಧಾವಿಸಿದ. ಸನ್ಮಾನಕ್ಕೆ ಹೊರಟ ಜೀಪಿಗೆ ಯಾವ ಹೊತ್ತಿನಲ್ಲೂ ದಾರಿ ಕಾಣುತ್ತದೆ.

ಪೇಟ ತೊಡಿಸಬೇಕೆಂದು ನದೀಮನ ಶಿರಸ್ತ್ರಾಣ ತೆಗೆಸಲಾಯಿತು. ಅದರ ಮುಂದೆ ಏಡಿಯ ಕಣ್ಣಿನಂತೆ ಎರಡು ಕೊಳವೆಗಳಿದ್ದವು.

"ಇದೇನಪಾ ಇದು?"

"ಕತ್ತಲಾಗ ನೋಡೂ ಕನ್ನಡಕ ಸರ್. ಆಕಾಶದ ಚಿಕ್ಕಿ ಬೆಳಕಿದ್ರೂ ಸಾಕು, ಅದನ್ನ ಸಾವಿರಪಟ್ಟು ಮಾಡಿ ಹಸರಾಗಿ ತೋರಸ್ತೈತಿ. ಆದ್ರ ಮಗ್ಗಲದ್ದು ಕಾಣೂದಿಲ್ಲ, ದೂರ-ಹತ್ರ ಅಂದಾಜು ಸಿಗೂದಿಲ್ಲ. ಕಲ್ತವ್ರ ಹಾಕ್ಕೋಬೇಕ್ರಿ."

ಗೋವಿಂದರಾಜ ಹಾಕಿಕೊಂಡ. ಅಷ್ಟರಲ್ಲಿ ನೆರೆಗೆ ಸಿಕ್ಕು ಮರವೇರಿ ಕುಳಿತವರ ಸುದ್ದಿ ಬಂತು. ಹೆಲಿಕಾಪ್ಟರ್ ದುರಸ್ತಿಯೂ ಮುಗಿದಿತ್ತು. ನದೀಮ ತನ್ನ ಜೊತೆಗಿದ್ದ ಇನ್ನೊಬ್ಬ ಪೈಲಟನ ಕನ್ನಡಕದ ಭರವಸೆಯ ಮೇಲೆ ಹಾರಲು ಓಡಿದ. ಹೋಗುವಾಗ "ಸರ್, ನನ್ನ ಕನ್ನಡಕ!" ಎಂದು ಕೂಗಿದ್ದು ರೆಕ್ಕೆಯ ಸದ್ದಿನಲ್ಲಿ ಧನ್ಯವಾದದಂತೆ ಕೇಳಿಸಿತು. ಗೋವಿಂದರಾಜ ಕೈಮುಗಿದ.

ಆಮೇಲೆ ಊರಿನ ಕಡೆ ತಿರುಗಿದ. ಬೇವಿನಮರ, ಅದರ ಮೇಲಿನ ಕೋಳಿಗಳು, ಹಸನಬೀಯ ಕಟ್ಟು ಹಾಕಿದ ಕೈ, ಎಲ್ಲವೂ ಹಸಿರಾಗಿ ನಿಚ್ಚಳ ಕಂಡವು.

"ಮುದಕಮ್ಮಾ, ಸರಕಾರಕ್ಕ ಸುಳ್ಳು ಹೇಳ್ತೀಯಲ್ಲವ್ವಾ! ಇಲ್ಲಿ ಹಾಡಹಗಲ ಆಗೇತಿ."

ಪೂರ್ತಿ ಪರಿಶೀಲಿಸಲೆಂದು ಕೆಳಗಿನ ಓಣಿಗೆ ನಡೆದ. ಗಟಾರ ಅವನಿಗೆ ಸ್ಪಷ್ಟವಾಗಿ ಕಂಡಿತು. ಕಂಡ ಗಟಾರಕ್ಕೇ ಬಿದ್ದ. ಮುದಕಮ್ಮ ಗಾಬರಿಯಾಗಿ ಅವನ ಮೇಲೆ ಬ್ಯಾಟರಿಯ ಬೆಳಕು ಬಿಟ್ಟಳು. ಕನ್ನಡಕದೊಳಗೆ ಬೆಂಕಿ ಹೊತ್ತಿದಂತಾಗಿ ಗೋವಿಂದರಾಜ, "ಆರಸ್ರೀ! ಬೆಳಕಿನಾಗ ಏನೂ ಕಾಣವಲ್ದು!" ಎಂದು ಕಿರುಚಿದ.

ಅವನ ವರದಿ ಹೀಗಿತ್ತು: "ಸದರಿ ಗ್ರಾಮದಲ್ಲಿ ಕತ್ತಲೆ ಕಂಡುಬಂದಿರುವುದಿಲ್ಲ. ಗಟಾರವು ಕಂಡ ಜಾಗದಲ್ಲಿ ಇರದೆ ಇಲಾಖೆಯೊಂದಿಗೆ ಅಸಹಕಾರ ತೋರಿರುತ್ತದೆ. ಗ್ರಾಮಸ್ಥರು ಹಚ್ಚುವ ದೀಪಗಳೇ ದೃಷ್ಟಿಗೆ ಮುಖ್ಯ ಅಡ್ಡಿಯಾಗಿರುತ್ತವೆ." ಕಂಬದ ಬೇಡಿಕೆಯನ್ನು ಅನಗತ್ಯವೆಂದು ವಜಾ ಮಾಡಲಾಯಿತು. ಕನ್ನಡಕವನ್ನು "ಬೀದಿದೀಪ, ತಲೆಗೆ ಕಟ್ಟುವಂಥದ್ದು" ಎಂದು ದಾಸ್ತಾನಿಗೆ ಸೇರಿಸಿ ಊರಿಗೇ ಮಂಜೂರು ಮಾಡಲಾಯಿತು. ಅದನ್ನು ಧರಿಸಲು ಪರಿಚಾರಕನ ಹುದ್ದೆ ಸೃಷ್ಟಿಯಾಗಿ, ರಾಜ್ಯಾದ್ಯಂತ ಹುಡುಕಿದ ಮೇಲೆ ಗೋವಿಂದರಾಜನ ಹೆಂಡತಿಯ ತಮ್ಮ ಗಾಳೇಶನೇ ಅರ್ಹನೆಂದು ತಿಳಿದುಬಂತು.

ಹೊಳೆ ಇಳಿದ ಮೇಲೆ ನದೀಮ ಕನ್ನಡಕ ಕೇಳಲು ಕೊಪ್ಪಳಕ್ಕೆ ಬಂದ. ಮುದಕಮ್ಮನೂ ಅಲ್ಲಿದ್ದಳು. ಅವನು ಒಯ್ದರೆ ತನ್ನ ಕಂಬ ಬಂದೀತೆಂಬ ಆಸೆ ಅವಳದು.

"ಸರ್, ಅದು ದೇಶ ಕಾಯೂ ಸಾಮಾನ್ರಿ."

"ಇರಬಹುದಪಾ. ಈಗ ಅದು ನಮ್ಮ ಬೀದಿದೀಪ. ದಾಸ್ತಾನಿಗೆ ಬಂದದ್ದು ಕೆಟ್ಟ ಹೊರತು ಹೊರಗ ಹೋಗೂದಿಲ್ಲ. ಬೇಕಾದ್ರ ಎರವಲು ಒಯ್ರಿ. ಯುದ್ಧ ಇದ್ರ ಒಂದು ವಾರ ಮೊದಲ ತಿಳಸ್ಬೇಕು."

"ಶತ್ರು ತಿಳಿಸಿ ಬರ್ತಾನೇನ್ರಿ?"

"ಅದು ಅವ್ರ ಇಲಾಖೆಯ ಶಿಸ್ತು. ನಾವೇನ ಮಾಡೂಣು?"

ನದೀಮ, ಮುದಕಮ್ಮ ಇಬ್ಬರೂ ಹೊರಗೆ ಬಂದು ಚಹಾ ಕುಡಿದು ಬೇರೆ ಬೇರೆ ಬಸ್ಸು ಹತ್ತಿದರು.

ಅಂದಿನಿಂದ ಊರು ಗಾಳೇಶನ ಹಿಂದೆ ನಡೆಯತೊಡಗಿತು. ಮುಂದೆ ಅವನು, ಹಿಂದೆ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟ ಸಾಲು. ಬಯಲಕಡೆಗೆ ಹೋಗುವವರು, ಔಷಧಕ್ಕೆ ಹೋಗುವವರು, ಜಗಳಕ್ಕೆ ಹೋಗುವವರು, ಎಲ್ಲರಿಗೂ ಒಂದೇ ಸಾಲು. ಅವನು ಬಿದ್ದಲ್ಲಿ ಎಲ್ಲರೂ ಸರದಿಯ ಪ್ರಕಾರ ಬಿದ್ದರು. ಮನೆಯ ದೀಪ ಹೊರಗೆ ಕಾಣದಂತೆ ಬಾಗಿಲಿಗೆ ಗೋಣಿತಟ್ಟು ಕಟ್ಟಬೇಕೆಂದು ಡಂಗುರ ಸಾರಲಾಯಿತು. ಕೊನೆಗೆ ಮೇಲಿನ ಓಣಿಯಲ್ಲಿದ್ದ ಊರಿನ ಒಂದೇ ಒಂದು ಬಲ್ಬನ್ನು ಕನ್ನಡಕಕ್ಕೆ ತೊಂದರೆ ಕೊಡುತ್ತಿದೆಯೆಂದು ಕಚೇರಿಯವರು ಬಿಚ್ಚಲು ಬಂದರು.

ಮುದಕಮ್ಮ ಆ ಬಲ್ಬಿನ ಕಂಬಕ್ಕೆ ಆತುಕೊಂಡು ನಿಂತಳು. "ನಾ ಬೆಳಕು ಕೇಳಿದ್ರ, ಇದ್ದದ್ದನ್ನೂ ಒಯ್ತೀರಲ್ರೀ! ಜನಕ್ಕ ನಾ ಏನಂತ ಮಾರಿ ತೋರಸ್ಲಿ?"

"ಮಾರಿ ತೋರಸೂ ಪ್ರಶ್ನಿನ ಬರೂದಿಲ್ಲವ್ವಾ," ಎಂದು ಗೋವಿಂದರಾಜ ಸಮಾಧಾನಪಡಿಸಿದ. "ಯಾರಿಗೂ ಕಾಣೂದಿಲ್ಲ."

ಅವಳು ಅತ್ತಳು. ಅಳು ವರದಿಯಲ್ಲಿ ಬರಲಿಲ್ಲ. ಬಲ್ಬು ಬಿಚ್ಚಿದರು. ಎರಡೂ ಓಣಿಗಳು ಸಮಾನವಾದ್ದರಿಂದ ಕೆಳಗಿನ ಓಣಿಯವರಿಗೆ ನ್ಯಾಯ ಸಿಕ್ಕಂತಾಗಿ, ಮೆಂಬರವ್ವ ಗಟ್ಟಿಗಿತ್ತಿ ಎಂದು ಮೊದಲ ಬಾರಿಗೆ ಹೊಗಳಿದರು. ಹೊಗಳಿಕೆ ಬೇಡವೆನ್ನಲು ಮುದಕಮ್ಮನಿಗೂ ಮನಸ್ಸಾಗಲಿಲ್ಲ.

ಬೆಣಚಗುಡ್ಡಕ್ಕೆ 'ಸಂಪೂರ್ಣ ಬೆಳಕಿನ ಗ್ರಾಮ' ಪ್ರಶಸ್ತಿ ಬಂತು. ಸಮಾರಂಭವನ್ನು ನಿಯಮದಂತೆ ದೀಪವಿಲ್ಲದೆ ನಡೆಸಲಾಯಿತು. ಶಾಲು ಹಸನಬೀಗೆ ಬಿತ್ತು. ಹಾರ ಧ್ವನಿವರ್ಧಕದವನಿಗೆ ಬಿತ್ತು. ಮುದಕಮ್ಮ ಜನರಿಗೆ ಬೆನ್ನು ಮಾಡಿ ಛಲೋ ಭಾಷಣ ಮಾಡಿದಳು. ಚಪ್ಪಾಳೆ ಜೋರಾಗಿ ಬಂತು.

ಈಚೆಗೆ ಯಲಬುರ್ಗಾ ಕಡೆಯ ಒಂದು ಪಂಚಾಯಿತಿಯವರು, ತಮ್ಮ ಊರಿನ ಕತ್ತಲೆ ಹೇಗೆ ಕಳೆಯುವುದೆಂದು ಕೇಳಿಕೊಂಡು ಅವಳಲ್ಲಿಗೆ ಬಂದಿದ್ದರು. ಮುದಕಮ್ಮ ಅವರನ್ನು ಕೂಡಿಸಿ, ಚುರುಮುರಿ ಕೊಟ್ಟು, ಅನುಭವಸ್ಥಳಂತೆ ಹೇಳಿದಳು:

"ಮೊದಲ ಇದ್ದ ಬಲ್ಬ ತಗಸ್ರಿ. ಬೆಳಕು ಇರೂತನಕ ಸರಕಾರಕ್ಕ ಏನೂ ಕಾಣೂದಿಲ್ಲ."

ಅವರು ತಲೆಯಾಡಿಸಿ, ಊರಿಗೆ ಹೋಗಿ ಹಾಗೆಯೇ ಮಾಡಿದರು.