ಬೈಂಡಿಂಗ್ ಅಂಗಡಿಯ ಬೆಕ್ಕಿಗೆ, ಪಥ್ಯದ ವಿಷಯವಾಗಿ

ಮಾನ್ಯರೇ,

ನಮ್ಮ ಪುಸ್ತಕ ಬೈಂಡಿಂಗ್ ಅಂಗಡಿಯ ಕಪಾಟಿನ ಮೇಲೆ ಬಾಲ ಇಳಿಬಿಟ್ಟು ಮಲಗಿ, ಐದು ವರ್ಷಗಳಿಂದ ಒಂದು ಇಲಿಯೂ ಕಾಗದಕ್ಕೆ ಹಲ್ಲು ತಾಗಿಸದಂತೆ ಆಡಳಿತ ನಡೆಸುತ್ತಿರುವ ಬೆಕ್ಕಮ್ಮನವರಾದ ತಮ್ಮ ನಾಲ್ಕು ಪಾದಗಳಿಗೂ ಪ್ರತ್ಯೇಕವಾಗಿ ನಮಸ್ಕರಿಸಿ, ಇಲ್ಲಿ ಪುಸ್ತಕ ಹೊಲಿಯುವ ನಾನು ಈ ದೂರನ್ನು ಬರೆದುಕೊಳ್ಳುತ್ತಿದ್ದೇನೆ. ತಮಗೆ ಓದಲು ಬರುತ್ತದೋ ಇಲ್ಲವೋ ಎಂಬ ಅನುಮಾನವಿರುವುದರಿಂದ ಒಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೂ ಅಂಟಿಸಿದ್ದೇನೆ. ಬೀದಿಯವರು ಓದಿ ಹೇಳಲಿ.

ಕಳೆದ ಸೋಮವಾರ ತಮ್ಮ ಹೊಟ್ಟೆ ಕೆಟ್ಟಿತು. ಕೆಡಲಿ, ಹೊಟ್ಟೆ ಇದ್ದವರಿಗೆಲ್ಲ ಕೆಡುವುದೇ. ಆದರೆ ಮೂಲೆಯಲ್ಲಿ ಒಂದು ಮೂಟೆ ರದ್ದಿ ಕಾಗದ ಬಿದ್ದಿರುವಾಗ ತಾವು ಅದನ್ನು ದಾಟಿ ಹೋಗಿ, ನಾನು ಬೆಳಗಿನಿಂದ ಕೂತು ಮಡಚಿಟ್ಟ ಪುಟಗಳ ಕಟ್ಟನ್ನೇ ಆರಿಸಿಕೊಂಡಿರಿ. ತಮ್ಮ ಅಭಿರುಚಿಯೇ ಅಂಥದ್ದು. ಮುಂದೆ ಇಂಥ ಸಂದರ್ಭ ಒದಗಿದರೆ ಮೂರು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟು ಉಪಕರಿಸಬೇಕು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆಕ್ಕಿಗೆ ಇಷ್ಟೆಲ್ಲ ಮುದ್ದು ಯಾಕೆ ಎಂದು ದಿನಕ್ಕೆರಡು ಸಲ ಗೊಣಗುವ ನನ್ನ ದೊಡ್ಡಪ್ಪ, ಅಂದರೆ ಈ ಅಂಗಡಿಯ ಯಜಮಾನರು, ನನ್ನ ಕಣ್ಣು ತಪ್ಪಿಸಿ ತಮಗೆ ಬಟ್ಟಲು ತುಂಬ ಕೆನೆಹಾಲು ಕುಡಿಸುತ್ತಿದ್ದುದು ಪಶುವೈದ್ಯೆಯ ಮುಂದೆ ಹೊರಬಿತ್ತು. ಬಹಳಷ್ಟು ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲವೆಂದು ಆಕೆ ಹೇಳಿದಾಗ ದೊಡ್ಡಪ್ಪನ ಮುಖ ನೋಡಬೇಕಿತ್ತು. ಹಾಲು ಬಂದ್; ಉಪ್ಪು, ಖಾರ, ಎಣ್ಣೆ ಸೋಕದ ಬೆಂದ ಕೋಳಿಮಾಂಸವನ್ನು ಮೆತ್ತನೆಯ ಅನ್ನದೊಂದಿಗೆ ನುಣ್ಣಗೆ ಅರೆದು ಮೂರು ಗಂಟೆಗೊಮ್ಮೆ ಒಂದೊಂದು ಚಮಚ, ನೀರು ಸದಾ ಪಕ್ಕದಲ್ಲಿರಲಿ, ನಾಳೆ ಸಂಜೆಯೊಳಗೆ ತಾನಾಗಿ ತಿನ್ನದಿದ್ದರೆ ತಂದು ಸೇರಿಸಿ, ಡ್ರಿಪ್ ಹಾಕಬೇಕಾಗುತ್ತದೆ ಎಂದರು ವೈದ್ಯೆ.

ತಾವು ತಿನ್ನಲಿಲ್ಲ. ತಟ್ಟೆಯಲ್ಲಿಟ್ಟೆ, ಬೆರಳಿಗೆ ಹಚ್ಚಿ ಹಿಡಿದೆ, ಉಗುರುಬೆಚ್ಚಗೆ ಮಾಡಿ ತಂದೆ, ಬೆಂದ ಕುಂಬಳಕಾಯಿ ಬೆರೆಸಿದೆ. ತಾವು ಮೂಸಿ ನೋಡಿ ಗೋಡೆಯ ಕಡೆ ತಿರುಗಿದಿರಿ. ಅಡುಗೆಯಲ್ಲಿ ಕೊರತೆ ಕಂಡಿದ್ದರೆ ಕಾರಣಸಹಿತ ಬರೆದು ತಿಳಿಸಬಹುದಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಾಲವನ್ನೂ ಅಲ್ಲಾಡಿಸದೆ ಮಲಗಿದ್ದ ತಮ್ಮನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ದೊಡ್ಡಪ್ಪ ನೆಗಡಿಯ ನೆಪದಲ್ಲಿ ಪದೇ ಪದೇ ಕಣ್ಣೊರೆಸಿಕೊಳ್ಳುತ್ತಿದ್ದರು.

ನೆಗಡಿಯೂ ಸುಳ್ಳಲ್ಲ, ಅವರ ಮೂಗು ಪೂರ್ತಿ ಕಟ್ಟಿತ್ತು. ನಮ್ಮಲ್ಲಿ ಬೈಂಡಿಂಗಿಗೆ ಬಳಸುವುದು ಮೈದಾ ಬೇಯಿಸಿ ಮಾಡಿದ ಅಂಟು. ತಮ್ಮ ಪಥ್ಯವೂ ಅದೇ ಬಣ್ಣ, ಅದೇ ಹದ, ಪಾತ್ರೆಯೂ ಅಂಟಿನ ಪಾತ್ರೆಯದೇ ಜೋಡಿ. ಮನಸ್ಸೆಲ್ಲ ತಮ್ಮ ಮೇಲಿದ್ದ ದೊಡ್ಡಪ್ಪ, ವಕೀಲರೊಬ್ಬರು ಕೊಟ್ಟಿದ್ದ ತೀರ್ಪುಗಳ ಸಂಗ್ರಹದ ಎರಡು ಸಂಪುಟಗಳ ಬೆನ್ನಿಗೆ ತಮ್ಮ ಊಟವನ್ನು ಬಳಿದು, ಬಟ್ಟೆ ಅಂಟಿಸಿ, ಒಣಗಲೆಂದು ನೆಲದ ಹಲಗೆಯ ಮೇಲಿಟ್ಟರು. ಪಾತ್ರೆ ಖಾಲಿಯಾದದ್ದನ್ನು ಕಂಡು, ತಾವೇ ತಿಂದಿರೆಂದು ನಾನು ವೈದ್ಯೆಗೆ ಫೋನ್ ಕೂಡ ಮಾಡಿಬಿಟ್ಟೆ.

ಫೋನ್ ಇಡುವಷ್ಟರಲ್ಲಿ ತಾವು ಎದ್ದಿರಿ. ತೂರಾಡುತ್ತ ಹಲಗೆಯ ಬಳಿ ಹೋಗಿ, ಮೊದಲನೆಯ ಸಂಪುಟದ ಹಸಿ ಬಟ್ಟೆಯನ್ನು ಪಂಜದಿಂದ ಸುಲಿದು ನೆಕ್ಕತೊಡಗಿದಿರಿ. ನಾನು ಪುಸ್ತಕ ಕಸಿಯಲು ಬಗ್ಗಿದೆ. ಪುಟದ ಮೂಲೆ ಮಡಚಿದ ಗಿರಾಕಿಯನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿದ ದೊಡ್ಡಪ್ಪ, ಒಂದು ಹೊಲಿಗೆ ಓರೆಯಾದರೂ ಇಡೀ ಪುಸ್ತಕ ಬಿಚ್ಚಿಸುವ ದೊಡ್ಡಪ್ಪ, ನನ್ನ ಕೈ ಹಿಡಿದು ತಡೆದರು. ತಾವು ಮುಗಿಸುವವರೆಗೆ ಬಿಡಲಿಲ್ಲ. ಆಮೇಲೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡನೆಯ ಸಂಪುಟದ ಬೆನ್ನನ್ನು ಸ್ವಂತ ಕೈಯಿಂದ ಸುಲಿದು ಮುಂದಿಟ್ಟು, "ನಿಧಾನಕ್ಕೆ ತಿನ್ನಮ್ಮ, ಅವಸರ ಇಲ್ಲ" ಎಂದರು.

ಬೆರಳಿಗಂಟಿದ ಪಥ್ಯವನ್ನು ಇನ್ನೂ ತೊಳೆಯುತ್ತಿರುವ,
ತಮ್ಮ ವಿಶ್ವಾಸಿ,
ಹೊಲಿಗೆಯವಳು

ಮರೆತ ಮಾತು: ತಮ್ಮ ಹೊಟ್ಟೆ ಸರಿಹೋಗಿದೆ ಎಂಬುದಕ್ಕೆ ಇಂದು ಬೆಳಗ್ಗೆ ಮರಳಿನ ತಟ್ಟೆಯಲ್ಲಿ ಪುರಾವೆ ಸಿಕ್ಕಿತು, ಅಭಿನಂದನೆಗಳು. ವಕೀಲರು ಪುಸ್ತಕ ಕೇಳಲು ಬಂದಿದ್ದರು; ಮೊದಲೆರಡು ಸಂಪುಟಗಳ ತೀರ್ಪುಗಳನ್ನು ಮೇಲಿನವರೊಬ್ಬರು ಮರುಪರಿಶೀಲನೆಗೆ ಎತ್ತಿಕೊಂಡಿದ್ದಾರೆಂದು ದೊಡ್ಡಪ್ಪ ಹೇಳಿ ಕಳಿಸಿದ್ದಾರೆ. ಅವರು ಗುರುವಾರ ಮತ್ತೆ ಬರುತ್ತಾರೆ. ಅಂದು ಮೇಜಿನ ಹಿಂದೆ ಕೂತು ಉತ್ತರ ಹೇಳುವ ಸರದಿ ತಮ್ಮದು.