ಅಕ್ಕನ ಗಾರ್ಡ್ ಡಬ್ಬಿಗಳು

ತಡವಾಗಿ ಬರುವವರಿಗೆ ಏನಾದರೊಂದು ಕಾರಣವಿರುತ್ತದೆ. ನನಗೆ ಅದೂ ಇರುವುದಿಲ್ಲ. ಶಾಲೆಯ ಗಂಟೆಗೂ ನನಗೂ ಹೊಂದದೆ ಏಳನೇ ಇಯತ್ತೆಗೇ ಓದು ಬಿಟ್ಟು, ಸಿದ್ದಾಪುರದಲ್ಲಿ ಹೊಲಿಗೆ ಅಂಗಡಿ ಹಾಕಿದವನು ನಾನು. ಮದುವೆಗೆಂದು ಕೊಟ್ಟ ರವಿಕೆಯನ್ನು ಸೀಮಂತಕ್ಕೆ ತಲುಪಿಸಿದ್ದೂ ಉಂಟು. ಗಿರಾಕಿಗಳು ಬೈದು ಮರೆಯುತ್ತಾರೆ. ಅಕ್ಕ ಮಾತ್ರ ಬೈಯಲೇ ಇಲ್ಲ. ಕಷ್ಟವಾದದ್ದೇ ಅದು.

ಶಿರಸಿ, ಸಿದ್ದಾಪುರ, ಯಲ್ಲಾಪುರ, ನಮ್ಮ ಯಾವ ಊರಿಗೂ ರೈಲಿಲ್ಲ. ಚಿಕ್ಕವರಿದ್ದಾಗ ಅಪ್ಪಯ್ಯ ರೈಲು ತೋರಿಸಲೆಂದೇ ನಮ್ಮಿಬ್ಬರನ್ನು ತಾಳಗುಪ್ಪಕ್ಕೆ ಕರೆದೊಯ್ದಿದ್ದ. ಸ್ಟೇಷನ್ನಿನೆದುರು ಗೋಲಿ ಸೋಡಾ ಕಂಡದ್ದೇ ನಾನು ರಸ್ತೆಯಲ್ಲಿ ಕೂತುಬಿಟ್ಟೆ. ಸೋಡಾ ಕುಡಿದು, ಬಾಟಲಿಯೊಳಗಿನ ಗೋಲಿಯೂ ಬೇಕೆಂದು ಅತ್ತು, ನಾವು ಒಳಗೆ ಓಡುವಷ್ಟರಲ್ಲಿ ರೈಲು ಹೊರಟಿತ್ತು. ಅಕ್ಕನಿಗೆ ಕಂಡದ್ದು ಕೊನೆಯ ಗಾರ್ಡ್ ಡಬ್ಬಿ ಮಾತ್ರ. ಅದರ ಪುಟ್ಟ ಜಗಲಿಯಲ್ಲಿ ನಿಂತು ಗಾರ್ಡು ಹಸಿರು ಬಾವುಟ ಬೀಸುತ್ತಿದ್ದ.

ಅಂದಿನಿಂದ ಅಕ್ಕ ಗಾರ್ಡ್ ಡಬ್ಬಿಗಳನ್ನೇ ಮಾಡುತ್ತ ಬಂದಳು. ರಟ್ಟಿನ ಗೋಡೆ, ಅಗರಬತ್ತಿ ಕಡ್ಡಿಯ ಕಟಾಂಜನ, ನನ್ನ ಅಂಗಡಿಯ ಅಂಗಿ ಗುಂಡಿಗಳ ಚಕ್ರ. ಬೆಂಕಿಪೊಟ್ಟಣದಷ್ಟೇ ಗಾತ್ರ, ಆದರೆ ಒಂದರಂತೆ ಇನ್ನೊಂದಿಲ್ಲ. ನಿದ್ದೆಬಡುಕ ಗಾರ್ಡಿಗೆ ತೂಗುಮಂಚದ ಡಬ್ಬಿ, ಹೆಂಡತಿಯೊಡನೆ ಜಗಳವಾಡುವ ಗಾರ್ಡಿಗೆ ಎರಡು ಜಗಲಿಯ ಡಬ್ಬಿ. “ಒಂದು ಎಂಜಿನ್ ಮಾಡೇ ಅಕ್ಕಾ” ಎಂದರೆ, “ಆನು ಕಂಡಿದ್ದೇ ಇಲ್ಲೆ, ಹ್ಯಾಂಗೆ ಮಾಡದು ತಮಾ?” ಎನ್ನುವಳು. ಆ ‘ತಮಾ’ ಸೂಜಿಯ ಹಾಗೆ ಚುಚ್ಚುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಶಿರಸಿಯಲ್ಲೊಂದು ಕರಕುಶಲ ಸ್ಪರ್ಧೆ ನಡೆಯಿತು. “ಬರೀ ಬಾಲ ತಗಂಡು ಹೋಗ್ತ್ಯನೇ?” ಎಂದು ನಮ್ಮತ್ತೆ ನಕ್ಕಳು. ಅಲ್ಲಿಯೂ ಜನ ಹೀಗೇ ನಕ್ಕರೆ ಇನ್ನು ರಟ್ಟು ಮುಟ್ಟುವುದಿಲ್ಲ ಎಂದು ಅಕ್ಕ ನನ್ನೊಬ್ಬನಿಗೆ ಹೇಳಿದಳು. ಹಾಗಾಗಬಾರದೆಂದು ಡಾಲ್ಡಾ ಡಬ್ಬ ಬಡಿದು ನಾನೇ ಒಂದು ಎಂಜಿನ್ ಮಾಡಿ ಸ್ಪರ್ಧೆಗೆ ಒಯ್ದೆ.

“ಇದೆಂತದಾ, ಬಚ್ಚಲ ಹಂಡೆಯ?” ಎಂದವಳೇ ಅಕ್ಕ ಅದನ್ನು ಮೇಜಿನಡಿಗೆ ತಳ್ಳಿದಳು. ತನ್ನ ಡಬ್ಬಿಗಳನ್ನು ಮಾತ್ರ ಮೇಜಿನ ಅಂಚಿಗೆ, ಇನ್ನೇನು ಬೀಳುತ್ತವೆ ಎಂಬಷ್ಟು ಅಂಚಿಗೆ ನಿಲ್ಲಿಸಿದಳು.

ತೀರ್ಪುಗಾರರು ಹಾವೇರಿ ಕಡೆಯ ಮೇಷ್ಟ್ರು. “ಡಬ್ಬಿ ಭಾಳ ಚಂದ ಅದಾವ್ರೀ ಅಕ್ಕಾರ. ಎಂಜಿನ್ ಎಲ್ಲೈತಿ?”

ನಾನು ಮೇಜಿನಡಿಗೆ ಕೈಹಾಕಿದೆ. ಅಕ್ಕ ನನ್ನ ಕಾಲು ತುಳಿದಳು.

“ರೈಲು ಈಗಷ್ಟೇ ಹೋತು ಸರ್. ನೀವು ಬರೂದು ಒಂಚೂರು ತಡ ಆತು.”

ಮೇಷ್ಟ್ರು ಸಭಾಂಗಣವೇ ತಿರುಗಿ ನೋಡುವಂತೆ ನಕ್ಕರು. ಕನ್ನಡಕ ಒರೆಸಿಕೊಂಡು, ಬಗ್ಗಿ, ಒಂದೊಂದು ಡಬ್ಬಿಯ ಒಳಗೂ ಇಣುಕಿದರು. ಮೊದಲ ಬಹುಮಾನ ಅಕ್ಕನಿಗೇ!

ಆ ಗಳಿಗೆಗೆ ನಾನಿರಲಿಲ್ಲ. ಮೇಷ್ಟ್ರ ನಗು ಕೇಳಿಯೇ ಗೆಲುವು ಖಚಿತವೆಂದು ಪೇಡೆ ತರಲು ಹೋದವನು, ಅಂಗಡಿಯವನು ರುಚಿಗೆ ಕೊಟ್ಟದ್ದನ್ನೆಲ್ಲ ತಿನ್ನುತ್ತ ನಿಂತೆ. ಓಡಿಬಂದಾಗ ಕಂಡದ್ದು ಬಹುಮಾನದ ಕಪ್ ಹಿಡಿದು ವೇದಿಕೆಯಿಂದ ಇಳಿಯುತ್ತಿದ್ದ ಅಕ್ಕನ ಬೆನ್ನು ಮಾತ್ರ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

“ಬಾಲ ಆದ್ರೂ ಕಂಡ್ಯಲ ತಮಾ” ಎಂದು ಅಕ್ಕ ಪೇಡೆಗೆ ಕೈಚಾಚಿದಳು.

ಈಗ ಅವಳ ಹೊಸ ಡಬ್ಬಿಯ ಹಿಂದೆ ರಟ್ಟಿನ ಮನುಷ್ಯನೊಬ್ಬ ಏದುಸಿರು ಬಿಡುತ್ತ ಓಡುತ್ತಿದ್ದಾನೆ. ಕೈಯಲ್ಲಿ ಪೇಡೆಯ ಪೊಟ್ಟಣ. ಅವನ ಅಂಗಿಗೆ ಒಂದೂ ಗುಂಡಿಯಿಲ್ಲ. ಎಲ್ಲವೂ ಚಕ್ರಗಳಿಗೆ ಹೋಗಿವೆ.