ಅಳಿಯಂದ್ರ ಕಾಯಿ ಹೊಡೀಬ್ಯಾಡಿ

ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ಹದಕ್ಕೆ ತರುವುದು ನನ್ನ ಉದ್ಯೋಗ. ಹಾಗಿರುವಾಗ ಒಬ್ಬ ಮಾವನವರನ್ನು ಹದದಲ್ಲಿಡುವುದು ಯಾವ ಮಹಾ ಕೆಲಸ ಎಂದುಕೊಂಡೆ. ಅಲ್ಲೇ ಎಡವಿದ್ದು!

ಕೊತ್ತಗೆರೆಯಲ್ಲಿ ಕಾಲು ಉಳುಕಿಸಿಕೊಂಡ ಮಾವನವರು ವಿಶ್ರಾಂತಿಗೆಂದು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಹೆಂಡತಿ ಸುಧಾ ಮೊದಲೇ ಎಚ್ಚರಿಸಿದ್ದಳು.

"ನೋಡ್ರೀ, ಕಾಲು ವಾಸಿಯಾಗೋವರ್ಗೂ ಅಪ್ಪ ಇಲ್ಲೇ ಇರ್ಬೇಕು. ಬೇಜಾರಾಯ್ತು ಅಂತ ಕುಣಿಗಲ್ ಬಸ್ ಹತ್ತಿದ್ರೋ, ನಿಮ್ಮನ್ನ ಸುಮ್ನೆ ಬಿಡಲ್ಲ."

ಮಾವನವರಿಗೆ ಚೌಕಾಬಾರ ಎಂದರೆ ಪ್ರಾಣ. ಟ್ಯಾಬಿಗೆ ಆ ಆಟವನ್ನು ಹಾಕಿ, ಅವರ ಘನತೆಗೆ ತಕ್ಕಂತೆ 'ಅತಿ ಕಠಿಣ' ಎಂಬುದನ್ನು ಒತ್ತಿ ಕೈಗಿತ್ತೆ. ಆ ದರಿದ್ರ ಟ್ಯಾಬು ಅವರ ಒಂದು ಕಾಯಿಯನ್ನೂ ನಡುಮನೆ ಸೇರಿ ಹಣ್ಣಾಗಲು ಬಿಡದೆ ಹೊಡೆದು ಹೊಡೆದು ವಾಪಸು ಕಳಿಸಿತು. ಮಾವನವರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.

"ಬಸ್ಸು ಎಷ್ಟೊತ್ತಿಗೈತೆ?"

ನಾನು ಟ್ಯಾಬನ್ನು ಕಸಿದುಕೊಂಡೆ. ಗಾಬರಿಯಲ್ಲಿ ತಡಕಾಡಿದಾಗ ಅದೇ ಆಟದಲ್ಲಿ ಇನ್ನೊಂದು ಅನುಕೂಲ ಕಂಡಿತು. ಆಡುವವರ ಕೈ ನೋಡಿಕೊಂಡು ಆಟ ತಾನಾಗಿಯೇ ಸುಲಭವೋ ಕಷ್ಟವೋ ಆಗುತ್ತದಂತೆ. ತಕ್ಷಣ ಅದನ್ನು ಒತ್ತಿದೆ. ಆಟ ಬೇಗ ಮೆತ್ತಗಾಗಲಿ ಎಂದು, ಮಾವನವರು ಮಧ್ಯಾಹ್ನ ಮಲಗಿದ್ದಾಗ ನಾನೇ ಕೂತು ಮೇಲಿಂದ ಮೇಲೆ ಸೋತೆ. ಸೋಲಲು ಅಂಥ ಶ್ರಮವೇನೂ ಆಗಲಿಲ್ಲ.

ಸಂಜೆ ಮಾವನವರು ಗೆದ್ದರು. ಮತ್ತೆ ಗೆದ್ದರು. ಮತ್ತೂ ಗೆದ್ದವರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು.

"ಅಳಿಯಂದ್ರೇ, ನನ್ ಕಾಯಿ ಬಾಯಿಗೇ ಬಂದು ಕುಂತ್ರೂ ಇದು ಹೊಡೀದೆ ಮುಂದಕ್ಕೋಯ್ತದಲ್ಲ! ನನ್ನೇನು ಕೂಸು ಅಂದ್ಕಂಡೈತಾ?"

"ಅಯ್ಯೋ, ಹಾಗಲ್ಲ ಮಾವ! ಅದು ನಿಮ್ಗೆ ಗೌರವ ಕೊಡ್ತಾ ಇದೆ."

"ಬುಡ್ರೀ ಗೌರವಾನ! ಸುಧಾ, ಸೀಮೆಸುಣ್ಣ ತಗಂಬಾರವ್ವ. ಅಳಿಯಂದ್ರು ನನ್ ಮುಂದೆ ಕುಂತು ಆಡ್ಲಿ."

ನೆಲದ ಮೇಲೆ ಮನೆಗಳು ಬಿದ್ದವು, ಕವಡೆ ಬಂತು. ಇನ್ನು ಯಾವ ಕಿತಾಪತಿಯೂ ಬೇಡವೆಂದು ಮನೆದೇವರನ್ನು ನೆನೆದು, ಬುದ್ಧಿಯನ್ನೆಲ್ಲ ಖರ್ಚು ಮಾಡಿ ಆಡಿದೆ. ಮಾವನವರ ಕಾಯಿಗಳೆಲ್ಲ ಹಣ್ಣಾದವು. ನನ್ನವು ಹೊರಟ ಮನೆಯಲ್ಲೇ ಕೂತಿದ್ದವು.

ಮಾವನವರು ಉಳುಕಿದ ಕಾಲಲ್ಲೇ ಎದ್ದು ನಿಂತರು!

"ನೀವೂ ಬೇಕೂಂತ್ಲೇ ಸೋತ್ರಿ! ನನ್ ಬ್ಯಾಗೆಲ್ಲಿ?"

"ನಿಮ್ಮಾಣೆ ಮಾವ, ಜೀವ ತೇಯ್ದು ಆಡಿದೀನಿ!"

"ಜೀವ ತೇಯ್ದು ಯಾರಾದ್ರೂ ಹಿಂಗ್ ಸೋಲ್ತಾರಾ?"

ಸುಧಾ ಬ್ಯಾಗಿನ ಇನ್ನೊಂದು ಹಿಡಿ ಹಿಡಿದು ಜಗ್ಗಿದಳು. "ಅಪ್ಪಾ, ನನ್ ಮಾತು ಕೇಳು. ಅವ್ರಿಗೆ ನಿಜವಾಗ್ಲೂ ಆಡೋಕೆ ಬರಲ್ಲ!"

ಮಾವನವರು ನಂಬಲಿಲ್ಲ. ನನ್ನ ದಡ್ಡತನವನ್ನು ನಾನೇ ಸಾಬೀತುಪಡಿಸಬೇಕಾಯಿತು. ಸುಧಾ ಕುಕ್ಕರ್ ನೋಡಿಕೊಳ್ಳುತ್ತಲೇ ನನ್ನನ್ನು ಸೋಲಿಸಿದಳು. ಮೊಸರಿನ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಗಿರಿಜಮ್ಮ, ಜನ್ಮದಲ್ಲಿ ಕವಡೆ ಮುಟ್ಟದವರು, ನಿಂತಲ್ಲೇ ಆಟ ಕಲಿತು ನನ್ನನ್ನು ಸೋಲಿಸಿ ಹೆಪ್ಪು ತೆಗೆದುಕೊಂಡು ಹೋದರು. ಮಾವನವರ ಮುಖ ಸಡಿಲವಾಯಿತು. ಬ್ಯಾಗು ಕೆಳಗಿಟ್ಟು "ಪಾಪ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು, ಆದರೆ ಬಸ್ಸು ತಪ್ಪಿತು.

ಈಗ ಮಾವನವರು ದಿಂಬಿನ ಮೇಲೆ ಕಾಲಿಟ್ಟುಕೊಂಡು ಹಾಯಾಗಿದ್ದಾರೆ. ನಾನು ಕೆಲಸದಿಂದ ಬರುತ್ತಲೇ ಆಟ ಶುರು, ಗಿರಿಜಮ್ಮನವರೂ ಹಾಜರು. ಕವಡೆ ಎಸೆಯುವ ಮೊದಲು ಮಾವನವರ ಅಪ್ಪಣೆಯಾಗುತ್ತದೆ:

"ನೋಡ್ರವ್ವ, ಅಳಿಯಂದ್ರ ಕಾಯಿ ಯಾರೂ ಹೊಡೀಬ್ಯಾಡಿ. ಪಾಪ, ಅವ್ರೂ ಒಂದು ಹಣ್ಣು ಮಾಡ್ಕಳ್ಲಿ."

ಯಾರೂ ಹೊಡೆಯುವುದಿಲ್ಲ. ಆದರೂ ಇನ್ನೂ ಒಂದೂ ಹಣ್ಣಾಗಿಲ್ಲ!